ಹಳೇ ನಿಕ್ಸಿ ಟ್ಯೂಬ್, ಹೊಸ ಗಡಿಯಾರ: ಬಿಚ್ಚೋ ಮೊದಲು ಲೆಕ್ಕ ಹಾಕಿ

ಇವತ್ತಿನ ಎಪಿಸೋಡ್ ನಿಕ್ಸಿ ಟ್ಯೂಬ್ ಬಗ್ಗೆ. ಹೆಸರು ಗೊತ್ತಿಲ್ಲ ಅಂದ್ರೂ ರೀಲ್ಸ್‌ನಲ್ಲಿ ನೋಡಿರ್ತೀರಿ. ಗಾಜಿನ ಸಣ್ಣ ಬುರುಡೆ, ಒಳಗೆ ಕೆಂಡದ ಬಣ್ಣದಲ್ಲಿ ಹೊಳೆಯೋ ಅಂಕಿ. ನಾಲ್ಕೋ ಆರೋ ಸಾಲಾಗಿ ಜೋಡಿಸಿದ್ರೆ ಚೆಂದದ ಗಡಿಯಾರ. ಮನೇಲೇ ಮಾಡ್ಬೇಕು ಅಂತ ತುಂಬಾ ಜನಕ್ಕೆ ಆಸೆ. ಆದ್ರೆ ಟ್ಯೂಬ್ ಎಲ್ಲಿಂದ ತರ್ತೀರಿ?

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ಇದನ್ನ ಮಾರುಕಟ್ಟೆಗೆ ತಂತು. 1961ರಲ್ಲಿ ಬಂದ ಬ್ರಿಟನ್ನಿನ ಅನಿಟಾ ಕ್ಯಾಲ್ಕುಲೇಟರ್‌ನಲ್ಲೂ ಇಂಥದ್ದೇ ಟ್ಯೂಬ್ ಇತ್ತು. ಲ್ಯಾಬಿನ ಫ್ರೀಕ್ವೆನ್ಸಿ ಕೌಂಟರ್, ಡಿಜಿಟಲ್ ವೋಲ್ಟ್‌ಮೀಟರ್ ಎಲ್ಲದರಲ್ಲೂ ಇದೇ. 1970ರ ದಶಕದಲ್ಲಿ ಎಲ್‌ಇಡಿ ಬಂದು ಇದರ ಜಾಗ ಹಿಡೀತು. ಸೋವಿಯತ್ ಒಕ್ಕೂಟದಲ್ಲಿ ಮಾತ್ರ 1980ರ ದಶಕದಲ್ಲೂ ತಯಾರಾಗ್ತಾ ಇತ್ತು. ಅದಕ್ಕೇ ಇವತ್ತು ಆನ್‌ಲೈನ್‌ನಲ್ಲಿ ಐಎನ್-12, ಐಎನ್-14 ಅನ್ನೋ ರಷ್ಯನ್ ಟ್ಯೂಬ್‌ಗಳೇ ಜಾಸ್ತಿ ಕಾಣೋದು.

ಈಗ ನನ್ನ ಕಾಮರ್ಸ್ ತಲೆ ಓಡುತ್ತೆ, ಸ್ವಲ್ಪ ಸಹಿಸ್ಕೊಳ್ಳಿ. ಬೇಡಿಕೆ ಏರ್ತಾ ಇದೆ, ಪೂರೈಕೆ ಹೆಚ್ಚೂಕಮ್ಮಿ ನಿಂತೇ ಹೋಗಿದೆ. ಚೆಕ್ ಗಣರಾಜ್ಯದ ದಲಿಬೋರ್ ಫಾರ್ನಿ ಥರದ ಕೆಲವರು ಕೈಯಿಂದ ಹೊಸ ಟ್ಯೂಬ್ ಮಾಡ್ತಾರೆ, ಆದ್ರೆ ಅದು ದುಬಾರಿ. ಹಾಗಾಗಿ ಹಳೇ ಮೆಷಿನ್‌ಗಳ ಮೇಲೆ ಎಲ್ಲರ ಕಣ್ಣು. ಒಂದು ಫ್ರೀಕ್ವೆನ್ಸಿ ಕೌಂಟರ್‌ನ ಪುಸ್ತಕದ ಬೆಲೆ ಎಂದೋ ಸೊನ್ನೆ ಆಗಿದೆ, ಗುಜರಿಯವನು ತೂಕಕ್ಕೆ ಹಾಕ್ತಾನೆ. ಆದ್ರೆ ಒಳಗಿನ ಟ್ಯೂಬ್‌ಗಳನ್ನ ಬಿಡಿಬಿಡಿಯಾಗಿ ಮಾರಿದ್ರೆ ಪೂರ್ತಿ ಮೆಷಿನ್‌ಗಿಂತ ಜಾಸ್ತಿ ಸಿಗುತ್ತೆ. ಈ ಲೆಕ್ಕದಿಂದಲೇ ಸರಿಯಾಗಿ ಕೆಲಸ ಮಾಡ್ತಿರೋ ಮೆಷಿನ್‌ಗಳೂ ಬಲಿ ಆಗ್ತಿವೆ. ಒಮ್ಮೆ ಬಿಚ್ಚಿದ ಮೇಲೆ ಉಳಿಯೋದು ಖಾಲಿ ಡಬ್ಬ. ಅದನ್ನ ಮತ್ತೆ ಯಾರೂ ಮಾಡಲ್ಲ.

ಹಾಗಾಗಿ ನನ್ನ ನಿಯಮ ಸಿಂಪಲ್. ಪ್ಲಗ್ ಹಾಕಿದಾಗ ಎಣಿಸೋ ಮೆಷಿನ್ ಮುಟ್ಟಬೇಡಿ, ರಿಪೇರಿ ಮಾಡೋರಿಗೆ, ಕಲೆಕ್ಟ್ ಮಾಡೋರಿಗೆ ಕೊಡಿ. ಟ್ರಾನ್ಸ್‌ಫಾರ್ಮರ್ ಸುಟ್ಟು, ಬೋರ್ಡ್ ತುಕ್ಕು ಹಿಡಿದು, ಗುಜರಿಗೇ ಹೋಗ್ತಿದ್ದ ಮೆಷಿನ್ ಆದ್ರೆ ಧಾರಾಳವಾಗಿ ಬಿಚ್ಚಿ. ಎರಡೂ ಇಲ್ಲ ಅಂದ್ರೆ ಗೋದಾಮಿನಲ್ಲಿ ಉಳಿದಿದ್ದ ಬಿಡಿ ಟ್ಯೂಬ್ ಕೊಳ್ಳಿ. ರೆಸಿಸ್ಟರ್, ಕನ್ವರ್ಟರ್, ಮೈಕ್ರೋಕಂಟ್ರೋಲರ್ ಎಲ್ಲ ನಮ್ಮ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೇ ಸಿಗುತ್ತೆ.

ಇದು ಕೆಲಸ ಮಾಡೋದು ಹೇಗೆ? ಒಳಗೆ 0ಯಿಂದ 9ರವರೆಗೆ ಅಂಕಿ ಆಕಾರದ ಹತ್ತು ತಂತಿ, ಒಂದರ ಹಿಂದೆ ಒಂದು. ಮುಂದೆ ತೆಳುವಾದ ಜಾಲರಿ. ಸುತ್ತ ನಿಯಾನ್ ಅನಿಲ. ಜಾಲರಿಗೂ ಒಂದು ಅಂಕಿಗೂ ನಡುವೆ ಸುಮಾರು 170 ವೋಲ್ಟ್ ಡಿಸಿ ಕೊಟ್ರೆ ಆ ಅಂಕಿಯ ಸುತ್ತ ಅನಿಲ ಹೊಳೆಯುತ್ತೆ. ತಂತಿ ಬಿಸಿಯಾಗಿ ಉರಿಯೋದಲ್ಲ. ಒಮ್ಮೆ ಹೊತ್ತಿಕೊಂಡ ಮೇಲೆ ಟ್ಯೂಬ್‌ಗೆ 140 ವೋಲ್ಟ್ ಆಸುಪಾಸು ಸಾಕು. ಮಿಕ್ಕ 30 ವೋಲ್ಟನ್ನ ಒಂದು ರೆಸಿಸ್ಟರ್ ತಡೀಬೇಕು. 2 ಮಿಲಿಆಂಪ್ ಬೇಕು ಅಂದ್ರೆ 15 ಕಿಲೋಓಮ್. ಇದನ್ನ ಬಿಟ್ರೆ ಕರೆಂಟ್ ಏರಿ ಟ್ಯೂಬ್ ಹಾಳಾಗುತ್ತೆ. ಅಂಕಿ ಆರಿಸೋಕೆ 74141 ಅನ್ನೋ ಚಿಪ್, ಇಲ್ಲಾಂದ್ರೆ ಅದರ ಸೋವಿಯತ್ ಜೋಡಿ ಕೆ155ಐಡಿ1 ಇದೆ.

ಇದನ್ನ ದಯವಿಟ್ಟು ಸೀರಿಯಸ್ಸಾಗಿ ಕೇಳಿ. 12 ವೋಲ್ಟ್ ಅಡಾಪ್ಟರ್‌ನಿಂದ ಶುರುವಾದ್ರೂ ಕನ್ವರ್ಟರ್ ಆಚೆ ಬರೋದು 170 ವೋಲ್ಟ್. ಅದು ಆಟ ಅಲ್ಲ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಇರುತ್ತೆ. ಮೀಟರ್ ಇಟ್ಟು ಸೊನ್ನೆ ಅಂತ ನೋಡಿದ ಮೇಲೇ ಕೈ ಹಾಕಿ. ಹಳೇ ಮೆಷಿನ್ ಬಿಚ್ಚುವಾಗಲೂ ಇದೇ ಮಾತು. ಎಷ್ಟೋ ಟ್ಯೂಬ್‌ಗಳಲ್ಲಿ ಚೂರು ಪಾದರಸ ಇರುತ್ತೆ, ಒಡೆದ್ರೆ ಕಿಟಕಿ ತೆಗೆದು ಹೊರಗೆ ಬನ್ನಿ, ಪೊರಕೆ ಹಾಕಬೇಡಿ.

ಕೊನೆಗೆ ಆಯಸ್ಸಿನ ವಿಚಾರ. ಗಡಿಯಾರದ ಮೊದಲ ಟ್ಯೂಬ್ 24 ಗಂಟೆ ಲೆಕ್ಕದಲ್ಲಿ 0, 1, 2 ಮಾತ್ರ ತೋರಿಸುತ್ತೆ. ಉರಿಯೋ ಅಂಕಿಯಿಂದ ಹಾರೋ ಲೋಹದ ಕಣ ಸುಮ್ಮನೆ ಕೂತ ಅಂಕಿಗಳ ಮೇಲೆ ಕೂರುತ್ತೆ. ತಿಂಗಳುಗಟ್ಟಲೆ ಹೀಗೇ ಬಿಟ್ರೆ ಅವು ಅರ್ಧಂಬರ್ಧ ಹೊಳೆಯುತ್ತೆ. ಪರಿಹಾರ ಕೋಡ್‌ನಲ್ಲೇ ಇದೆ. ದಿನಾ ರಾತ್ರಿ ಕೆಲವು ನಿಮಿಷ ಎಲ್ಲಾ ಹತ್ತು ಅಂಕಿಗಳನ್ನೂ ಸರದಿಯಲ್ಲಿ ಓಡಿಸಿ. ನೀವು ಮಲಗಿರುವಾಗ ಡಿಸ್‌ಪ್ಲೇ ಆಫ್ ಆಗೋ ಹಾಗೂ ಬರೀರಿ.

ಇನ್ನೊಂದು ರಿಕ್ವೆಸ್ಟ್: ಟ್ಯೂಬನ್ನ ಬೋರ್ಡಿಗೆ ನೇರ ಬೆಸುಗೆ ಹಾಕಬೇಡಿ, ಸಾಕೆಟ್ ಹಾಕಿ. ನಿಮಗೆ ಬೇಜಾರಾದ ದಿನ ಇನ್ನೊಬ್ಬರು ಅದನ್ನ ಮುರಿಯದೆ ತೆಗೆದು ಬಳಸಬಹುದು. ನೀವು ಏನಾದ್ರೂ ಮಾಡ್ತಿದ್ರೆ ಫೋಟೋ ಕಳಿಸಿ. ಮುಂದಿನ ವಾರ ಸಿಗೋಣ.