ನಮ್ಮದಲ್ಲದ ಧರಣಿಗೆ ನಾವೇಕೆ ಹೋಗಬೇಕು?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



 

'ಸಾಮಾಜಿಕ ನ್ಯಾಯದ ಕೆಲಸದಲ್ಲಿ ನಮ್ಮ ಪಾಲು' ಎಂಬ ವಿಷಯದ ಬಗ್ಗೆ ಮಾತನಾಡಲು ನನಗೆ ತಿಳಿಸಿದ್ದಾರೆ. ವಿಷಯ ಬಹಳ ದೊಡ್ಡದು. ಮೇಷ್ಟರ ಅಭ್ಯಾಸದಂತೆ ನಾನು ಅದನ್ನು ಒಂದೇ ಪ್ರಶ್ನೆಗೆ ಇಳಿಸಿಕೊಳ್ಳುತ್ತೇನೆ. ನಿಮ್ಮ ಊರಿನ ಪುರಸಭೆಯ ಮುಂದೆ ಪೌರಕಾರ್ಮಿಕರು ಧರಣಿ ಕುಳಿತಿದ್ದಾರೆ. ಅದೇ ದಾರಿಯಲ್ಲಿ ನೀವು ಅಸರ್ ನಮಾಜಿಗೋ ಅಂಗಡಿಗೋ ಹೋಗುತ್ತಿದ್ದೀರಿ. ನೀವು ನಿಲ್ಲುತ್ತೀರಾ, ನೋಡಿಕೊಂಡು ಮುಂದೆ ಹೋಗುತ್ತೀರಾ?

ಹೆಚ್ಚಿನವರು ಮುಂದೆ ಹೋಗುತ್ತೇವೆ. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. "ಅದು ಅವರ ಸಮಸ್ಯೆ, ನಮ್ಮದೇ ನಮಗೆ ಸಾಕಷ್ಟಿದೆ" ಎಂದುಕೊಳ್ಳುತ್ತೇವೆ. ಈ ಮಾತು ಎಷ್ಟು ಸರಿ ಎಂಬುದನ್ನು ನಿಮ್ಮೊಂದಿಗೆ ವಿಚಾರ ಮಾಡಬೇಕೆಂದಿದ್ದೇನೆ.

ನಮ್ಮ ಸಭೆಗಳಲ್ಲಿ ಸಾಚಾರ್ ಸಮಿತಿಯ ಹೆಸರು ಬಾರದ ದಿನವಿಲ್ಲ. 2006ರಲ್ಲಿ ಬಂದ ಆ ವರದಿ, 2001ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇಕಡ 65.1 ಇದ್ದಾಗ ಮುಸ್ಲಿಮರದು ಶೇಕಡ 59.1 ಎಂದು ತೋರಿಸಿತು. ನಮ್ಮ ಹಿಂದುಳಿದಿರುವಿಕೆಯನ್ನು ಅಂಕಿಗಳಲ್ಲಿ ದೇಶದ ಮುಂದಿಟ್ಟ ಆ ಸಮಿತಿಯ ಅಧ್ಯಕ್ಷರು ನ್ಯಾಯಮೂರ್ತಿ ರಾಜಿಂದರ್ ಸಾಚಾರ್. ಅವರು ಮುಸ್ಲಿಮರಲ್ಲ. ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು, ಜೀವನವಿಡೀ ನಾಗರಿಕ ಹಕ್ಕುಗಳ ಪರವಾಗಿ ನಿಂತವರು. "ಇದು ಅವರ ಸಮಸ್ಯೆ" ಎಂದು ಅವರು ಹೇಳಿದ್ದರೆ ನಾವು ಇಂದು ಯಾವ ವರದಿಯನ್ನು ಕೈಯಲ್ಲಿ ಹಿಡಿದು ಮಾತನಾಡುತ್ತಿದ್ದೆವು? ಇನ್ನೊಬ್ಬರ ನ್ಯಾಯಪ್ರಜ್ಞೆಯ ಫಲವನ್ನು ಉಣ್ಣುವ ನಮಗೆ ಅದೇ ಪ್ರಜ್ಞೆಯನ್ನು ಮತ್ತೊಬ್ಬರಿಗೆ ತೋರಿಸುವ ಹೊಣೆಯೂ ಇದೆ.

ನಮ್ಮ ಚರಿತ್ರೆಯಲ್ಲೂ ಇದಕ್ಕೆ ಮಾದರಿ ಇದೆ. ಯಮನ್ ಕಡೆಯಿಂದ ಮಕ್ಕಾಗೆ ಬಂದ ವ್ಯಾಪಾರಿಯೊಬ್ಬನ ಸರಕನ್ನು ಊರಿನ ಪ್ರಬಲನೊಬ್ಬ ಕೊಂಡು ಹಣ ಕೊಡಲಿಲ್ಲ. ಆಗ ಕೆಲವು ಮನೆತನಗಳವರು ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ಸಿಗುವವರೆಗೆ ಜೊತೆಗಿರುತ್ತೇವೆ ಎಂದು ಒಪ್ಪಂದ ಮಾಡಿಕೊಂಡರು. ಅದೇ ಹಿಲ್ಫುಲ್ ಫುಝೂಲ್. ಪ್ರವಾದಿ ಮುಹಮ್ಮದ್(ಸ) ತರುಣರಾಗಿದ್ದಾಗ, ಪ್ರವಾದಿತ್ವಕ್ಕೂ ಮುಂಚೆ, ಅದರಲ್ಲಿ ಭಾಗವಹಿಸಿದ್ದರು. ಅಂಥ ಒಪ್ಪಂದಕ್ಕೆ ಈಗ ಕರೆದರೂ ಹೋಗುತ್ತೇನೆಂದು ಮುಂದೆ ಅವರು ಹೇಳಿದುದನ್ನು ನಾವೆಲ್ಲ ಕೇಳಿದ್ದೇವೆ. ಅನ್ಯಾಯಕ್ಕೊಳಗಾದವನು ಆ ಊರಿನವನಾಗಿರಲಿಲ್ಲ, ಸೇರಿದವರೆಲ್ಲ ಒಂದೇ ಮನೆತನದವರಾಗಿರಲಿಲ್ಲ. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕೆಂದು ನನಗೆ ತೋರುವುದಿಲ್ಲ.

ಇನ್ನು ನಮ್ಮ ದೇಶದ ಒಂದು ಉದಾಹರಣೆ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಮಹಾಡದ ಚವದಾರ್ ಕೆರೆಯ ನೀರನ್ನು ತಮ್ಮ ಜನರೊಂದಿಗೆ ಕುಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಎರಡನೆಯ ಪರಿಷತ್ತು ನಡೆಸಬೇಕಾದಾಗ ಊರಿನ ಸವರ್ಣೀಯರು ಜಾಗ ಕೊಡಲಿಲ್ಲ. ಆಗ ತಮ್ಮ ಜಮೀನನ್ನು ಸಭೆಗೆ ಬಿಟ್ಟುಕೊಟ್ಟವರು ಫತೇಖಾನ್ ಎಂಬ ಮುಸ್ಲಿಮ್ ಗೃಹಸ್ಥರು. ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಸಿಗುವುದು ಒಂದು ಸಾಲು ಮಾತ್ರ. ಆದರೆ ಆ ನೆಲ ಸಿಗದಿದ್ದರೆ ಸಭೆ ಎಲ್ಲಿ ಸೇರಬೇಕಿತ್ತು? ಹೋರಾಟದಲ್ಲಿ ಎಲ್ಲರೂ ಮೈಕು ಹಿಡಿಯಬೇಕಾಗಿಲ್ಲ. ನಮ್ಮಲ್ಲಿ ಇರುವುದನ್ನು ಕೊಟ್ಟರೆ ಸಾಕು. ಕೆರೆಯ ಮೊಕದ್ದಮೆ ಮುಗಿದು ಬಾಂಬೆ ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ. ನೀರು ಕುಡಿದದ್ದು ಒಂದು ದಿನ, ಆ ಹಕ್ಕು ದಕ್ಕಲು ಹಿಡಿದದ್ದು ಹತ್ತು ವರ್ಷ ಎಂಬುದನ್ನೂ ಗಮನಿಸಿ.

ಈಗ ನಮ್ಮ ಕರ್ನಾಟಕಕ್ಕೆ ಬರೋಣ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲೇ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಆದೇಶ ಮಾಡಿಸಿದರು. ಕೇಂದ್ರದಲ್ಲಿ 1993ರಲ್ಲಿ ಕಾಯ್ದೆ ಬಂತು. ಆದರೂ ಪದ್ಧತಿ ಪೂರ್ತಿ ಹೋಗಲಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮಾಜದ ಕೆಲವರು, ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಸವಣೂರು ನವಾಬರ ಊರು, ನಮ್ಮ ಜನ ಬಹಳ ಇರುವ ಊರು. ಮನುಷ್ಯರು ಅಂಥ ಸ್ಥಿತಿಗೆ ಬರುವ ಮುಂಚೆ ಎಷ್ಟು ಅರ್ಜಿ ಬರೆದಿರಬಹುದು, ಎಷ್ಟು ಬಾಗಿಲು ತಟ್ಟಿರಬಹುದು ಎಂದು ನೀವೇ ಯೋಚಿಸಿ. ನೆರೆಯವರು ಮೊದಲೇ ಜೊತೆಗೆ ಹೋಗಿದ್ದರೆ ಆ ದಿನ ಬಾರದೇ ಇರಬಹುದಿತ್ತು. ಇದು ಸವಣೂರಿಗೆ ಮಾತ್ರ ಹೇಳಿದ ಮಾತಲ್ಲ, ಎಲ್ಲ ಊರಿಗೂ ಹೇಳಿದ್ದು.

ಕೋಲಾರ ಚಿನ್ನದ ಗಣಿಯ ಉದಾಹರಣೆ ಆಸೆ ಹುಟ್ಟಿಸುವಂಥದ್ದು. ಅಲ್ಲಿನ ಕಾಲೊನಿಗಳ ಒಣ ಪಾಯಿಖಾನೆಗಳನ್ನು ಬಳಿಯುತ್ತಿದ್ದ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಅವರು ಮೊದಲು ಮಾಡಿದ ಕೆಲಸ ನೋಡಿ: ಪತ್ರ ಬರೆದರು, ಫೋಟೋ ತೆಗೆದರು, ಲೆಕ್ಕ ಬರೆದಿಟ್ಟರು. ಮುಂದೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ 2013ರಲ್ಲಿ ಹೊಸ ಕಾಯ್ದೆ ಬಂತು. 2014ರ ಮಾರ್ಚ್ 27ರಂದು ತೀರ್ಪು ಬಂದು, 1993ರಿಂದ ಈಚೆಗೆ ಮ್ಯಾನ್‌ಹೋಲ್‌ನಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಾಯಿತು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿಯನ್ನು ಎಲ್ಲರೂ ಕಂಡರು. ಅದರ ಹಿಂದಿದ್ದ ನೋಟ್‌ಬುಕ್ಕುಗಳನ್ನು ಕಂಡವರು ಕಡಿಮೆ.

ನೋಟ್‌ಬುಕ್ಕಿನ ಮಾತು ಬಂದಲ್ಲಿಗೆ ನಮ್ಮ ಕೆಲಸವೂ ಬಂತು. ಓದುಬರಹ ಬಲ್ಲ ನಮ್ಮಂಥವರು ಹೋರಾಟಕ್ಕೆ ಕೊಡಬಹುದಾದ ದೊಡ್ಡ ಕಾಣಿಕೆ ಓದುಬರಹವೇ. 2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಮುಷ್ಕರ ಹೂಡಿದರು. ಆ ವರ್ಷ ಸಚಿವ ಸಂಪುಟ 11,133 ಮಂದಿಯ ಸೇವೆಯನ್ನು ಖಾಯಂಗೊಳಿಸಲು ಒಪ್ಪಿತು. ಉರ್ದು ಮೇಷ್ಟರಾಗಿ ನನಗೊಂದು ವಿಷಯ ಕುತೂಹಲವೆನಿಸುತ್ತದೆ. 'ಖಾಯಂ', 'ಅರ್ಜಿ', 'ಹಾಜರಿ', ಇವೆಲ್ಲ ಅರಬ್ಬಿ ಮೂಲದಿಂದ ಬಂದು ಕನ್ನಡವಾಗಿಬಿಟ್ಟ ಮಾತುಗಳು. ಧರಣಿಯಲ್ಲಿ ಕುಳಿತವರ ಬಾಯಲ್ಲಿ ನಮ್ಮ ಮಾತುಗಳಿವೆ, ನಾವು ಮಾತ್ರ ಅಲ್ಲಿಲ್ಲ ಎಂದಾಗಬಾರದು. ನಾವು ದಿನವೂ ಬಳಸುವ 'ಇನ್ಸಾಫ್' ಎಂಬ ಪದವೂ 'ನಿಸ್ಫ್', ಅಂದರೆ ಅರ್ಧ ಎಂಬ ಮೂಲದಿಂದ ಬಂದದ್ದು. ಸಮನಾಗಿ ಹಂಚಿಕೊಳ್ಳುವುದೇ ಇನ್ಸಾಫ್. ಕಷ್ಟವನ್ನೂ ಹಾಗೆಯೇ ಹಂಚಿಕೊಳ್ಳಬೇಕು.

ಹಾಗಾದರೆ ಹೇಗೆ ಆರಂಭಿಸುವುದು?

ಮೊದಲನೆಯದು, ಹೋಗಿ ಕುಳಿತುಕೊಳ್ಳಿ. ಧರಣಿ ನಡೆಯುವಲ್ಲಿ ಒಂದು ಗಂಟೆ ಕುಳಿತು ಅವರ ಮಾತು ಕೇಳಿ. ಸಲಹೆ ಕೊಡುವ ಆತುರ ಬೇಡ. ಯಾರಿಗೆ ನೋವಾಗಿದೆಯೋ ಅವರೇ ಮುಂದಾಳುಗಳು, ನಾವು ಹಿಂದೆ ಕುಳಿತುಕೊಳ್ಳುವವರು. ನಮ್ಮ ಸಂಸ್ಥೆಯ ಬ್ಯಾನರು ಅವರ ಬ್ಯಾನರಿಗಿಂತ ದೊಡ್ಡದಾಗಿರಬಾರದು. ಫೋಟೋ ತೆಗೆಸಿಕೊಂಡು ಎದ್ದು ಬಂದರೆ ಅದು ಬೆಂಬಲವಾಗುವುದಿಲ್ಲ.

ಎರಡನೆಯದು, ಕಾಗದದ ಕೆಲಸಕ್ಕೆ ನೆರವಾಗಿ. ಸಂಬಳದಲ್ಲಿ ಪಿಎಫ್, ಇಎಸ್‌ಐ ಎಂದು ಹಣ ಹಿಡಿದಿದ್ದಾರೆ, ಅದು ಖಾತೆಗೆ ಜಮಾ ಆಗಿದೆಯೇ ಎಂದು ನೋಡಲು ಬಾರದ ಕಾರ್ಮಿಕರು ಬಹಳ ಇದ್ದಾರೆ. ಮೊಬೈಲಿನಲ್ಲಿ ಅದನ್ನು ನೋಡಿ ಹೇಳಲು ನಮ್ಮ ಪಿಯುಸಿ ಹುಡುಗರಿಗೆ ಹತ್ತು ನಿಮಿಷ ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಕನ್ನಡದಲ್ಲೇ ಅರ್ಜಿ ಹಾಕಿ, ಗುತ್ತಿಗೆದಾರನಿಗೆ ಎಷ್ಟು ಹಣ ಪಾವತಿಯಾಗಿದೆ, ಎಷ್ಟು ಜೊತೆ ಕೈಗವಸು, ಬೂಟು ಕೊಂಡಿದ್ದಾರೆ ಎಂದು ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಬೇಕು. ವ್ಯಾಕರಣ ಕಲಿಸುವ ನಮಗೆ ಇದು ಕಷ್ಟದ ಕೆಲಸವಲ್ಲ.

ಮೂರನೆಯದು, ಮಕ್ಕಳು. ಶುಚಿತ್ವ ಮತ್ತು ಆರೋಗ್ಯಕ್ಕೆ ಅಪಾಯವಿರುವ ವೃತ್ತಿಗಳಲ್ಲಿ ತೊಡಗಿದವರ ಮಕ್ಕಳಿಗೆಂದು ಕೇಂದ್ರ ಸರ್ಕಾರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವಿದೆ. ಅದಕ್ಕೆ ಜಾತಿ, ಧರ್ಮದ ಭೇದವಿಲ್ಲ. ಮ್ಯಾನ್‌ಹೋಲ್ ಕೆಲಸ ಮಾಡುವವರ ಮಕ್ಕಳು, ಚರ್ಮ ಸುಲಿಯುವವರ ಮತ್ತು ಹದ ಮಾಡುವವರ ಮಕ್ಕಳು, ಚಿಂದಿ ಆಯುವವರ ಮಕ್ಕಳು, ಎಲ್ಲರೂ ಅದರಲ್ಲಿ ಬರುತ್ತಾರೆ. ಅಂದರೆ ದಲಿತ ಕೇರಿಯ ಮಗುವೂ ನಮ್ಮ ಮೊಹಲ್ಲಾದ ಮಗುವೂ ಒಂದೇ ಅರ್ಜಿಯ ಮುಂದೆ ನಿಲ್ಲುತ್ತಾರೆ. ಆ ಅರ್ಜಿ ತುಂಬಿಸಲು ಒಂದೇ ಮೇಜು ಹಾಕೋಣ.

ನಾಲ್ಕನೆಯದು ಸ್ವಲ್ಪ ಕಠಿಣ, ಆದರೂ ಹೇಳುತ್ತೇನೆ. ಅವರ ಧರಣಿಗೆ ಹೋಗುವ ಮೊದಲು ನಮ್ಮ ಅಂಗಳ ನೋಡಿಕೊಳ್ಳಬೇಕು. ಬಕ್ರೀದಿನ ಮರುದಿನ ಮೊಹಲ್ಲಾದ ತಿರುವುಗಳಲ್ಲಿ ಬೀಳುವ ಕರುಳು, ರಕ್ತ, ತ್ಯಾಜ್ಯವನ್ನು ಯಾರ ಕೈ ಎತ್ತುತ್ತದೆ? ಅದನ್ನು ಚೀಲದಲ್ಲಿ ಕಟ್ಟಿ, ಪುರಸಭೆ ಹೇಳಿದ ಜಾಗಕ್ಕೆ, ಹೇಳಿದ ಹೊತ್ತಿಗೆ ತಲುಪಿಸುವುದು ನಮ್ಮ ಯುವಕರ ಕೆಲಸವಾಗಬೇಕು. ಹಾಗೆಯೇ ಮಸೀದಿ, ಮದರಸಾ, ಶಾಲೆ, ಮನೆಗಳ ಶೌಚದ ಗುಂಡಿ ತುಂಬಿದಾಗ ಸಕ್ಕಿಂಗ್ ಯಂತ್ರ ತರಿಸಬೇಕು. ಸುರಕ್ಷತೆಯಿಲ್ಲದೆ ಮನುಷ್ಯನನ್ನು ಒಳಗೆ ಇಳಿಸಿದರೆ 2013ರ ಕಾಯ್ದೆಯಂತೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡವಿದೆ. ಇಳಿಸಿದವರು ಪುರಸಭೆಯವರೇ ಆಗಬೇಕೆಂದಿಲ್ಲ. ಕಮಿಟಿಯ ಕಾರ್ಯದರ್ಶಿಯೂ ಆಗಬಹುದು, ಮನೆಯ ಯಜಮಾನನೂ ಆಗಬಹುದು. ಕಾನೂನಿನ ಮಾತು ಹಾಗಿರಲಿ, ಕೆಲವು ನೂರು ರೂಪಾಯಿ ಉಳಿಸಲು ಒಂದು ಜೀವವನ್ನು ಗುಂಡಿಗೆ ಇಳಿಸಿ, ಇನ್ನೊಂದು ಬೀದಿಯಲ್ಲಿ ನ್ಯಾಯದ ಘೋಷಣೆ ಕೂಗುವುದು ಹೇಗೆ?

ಈಗ ತಾಯಂದಿರ ಮನಸ್ಸಿನಲ್ಲಿರುವ ಭಯದ ಬಗ್ಗೆ. "ಮಗ ಧರಣಿಗೆ ಹೋದರೆ ಕೇಸು ಬೀಳುತ್ತದೆ, ನೌಕರಿ, ಪಾಸ್‌ಪೋರ್ಟಿಗೆ ತೊಂದರೆಯಾಗುತ್ತದೆ" ಎಂದು ಅನೇಕ ತಾಯಂದಿರು ಹೇಳುತ್ತಾರೆ. ಈ ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಆದರೆ ಶಾಂತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಆ ಹಕ್ಕನ್ನು ಜಾಣತನದಿಂದ ಬಳಸಬೇಕು. ಸಂಘಟಕರು ಯಾರು, ಪೊಲೀಸರಿಗೆ ತಿಳಿಸಿ ಅನುಮತಿ ಪಡೆದಿದ್ದಾರೆಯೇ ಎಂದು ಕೇಳಿಕೊಂಡು ಹೋಗಿ. ಹಿರಿಯರ ಜೊತೆ ಹೋಗಿ, ಜೊತೆಯಲ್ಲೇ ಬನ್ನಿ. ಯಾರೋ ಕೆಣಕಿದರೆ ಉತ್ತರ ಕೊಡದೆ ಕುಳಿತಿರಿ. ಯಾರು ಬರೆದರೋ ತಿಳಿಯದ ಸಂದೇಶವನ್ನು ಮೊಬೈಲಿನಲ್ಲಿ ಹಂಚಬೇಡಿ. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಸೇವಾ ನಿಯಮಗಳಿವೆ, ಅವರು ಅರ್ಜಿ ಬರೆಯುವ, ಕಲಿಸುವ ಕೆಲಸದಲ್ಲಿ ನೆರವಾಗಲಿ. ಶಾಲೆಯ ಮಕ್ಕಳನ್ನು ಸಮವಸ್ತ್ರದಲ್ಲಿ ಸಾಲು ನಿಲ್ಲಿಸಿ ಮೆರವಣಿಗೆಗೆ ಕರೆದೊಯ್ಯುವುದು ನನಗೆ ಒಪ್ಪಿಗೆಯಿಲ್ಲ. ಮಗು ಮೊದಲು ಕಾರಣ ತಿಳಿಯಲಿ, ದೊಡ್ಡವನಾದ ಮೇಲೆ ತಾನೇ ತೀರ್ಮಾನಿಸಲಿ.

"ನಾವು ಹೋದರೆ ನಾಳೆ ನಮ್ಮ ಕಷ್ಟಕ್ಕೆ ಅವರು ಬರುತ್ತಾರೆಯೇ?" ಎಂದು ಕೇಳುವವರೂ ಇದ್ದಾರೆ. ಬರಬಹುದು, ಬಾರದೆಯೂ ಇರಬಹುದು. ನ್ಯಾಯದ ಕೆಲಸ ಕೈಸಾಲವಾಗಬಾರದು. ಆದರೆ ಒಂದು ಮಾತು ಖಂಡಿತ. ಹೆಸರು ತಿಳಿದವರ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸುವುದು ಕಷ್ಟ. ಒಂದು ವರ್ಷ ಒಂದೇ ಮೇಜಿನಲ್ಲಿ ಅರ್ಜಿ ತುಂಬಿದವರು ಊರಿನಲ್ಲಿ ಗಲಭೆಯ ಗಾಳಿಮಾತು ಎದ್ದಾಗ ಮೊದಲು ಒಬ್ಬರಿಗೊಬ್ಬರು ಫೋನು ಮಾಡುತ್ತಾರೆ. ಆ ಒಂದು ಫೋನು ಎಷ್ಟೋ ಅನಾಹುತ ತಪ್ಪಿಸೀತು.

ಕೊನೆಯದಾಗಿ ನಮ್ಮ ಸಂಸ್ಥೆಯ ಮುಂದೆ ಮೂರು ಸಣ್ಣ ಕೋರಿಕೆಗಳನ್ನು ಇಡುತ್ತೇನೆ. ರಾಜ್ಯದಲ್ಲಿ ಸೆಪ್ಟೆಂಬರ್ 23ನ್ನು ಪೌರಕಾರ್ಮಿಕರ ದಿನವಾಗಿ ಆಚರಿಸುತ್ತಾರೆ. ಅಂದು ಶಾಲು ಹೊದಿಸಿ ಕಳಿಸದೆ, ಅವರನ್ನು ನಮ್ಮ ಸಭಾಂಗಣಕ್ಕೆ ಕರೆದು, ಅವರು ಮಾತನಾಡಲಿ, ನಾವು ಕೇಳೋಣ. ವಿದ್ಯಾರ್ಥಿವೇತನದ ಅರ್ಜಿ ಕರೆಯುವ ದಿನಗಳಲ್ಲಿ ವಾರಕ್ಕೆರಡು ಸಂಜೆ ಇದೇ ಕಟ್ಟಡದಲ್ಲಿ ನೆರವಿನ ಮೇಜು ಹಾಕೋಣ, ಎಲ್ಲ ಕೇರಿಯ ಮಕ್ಕಳಿಗೂ. ಸಭೆ ನಡೆಸಲು ಜಾಗವಿಲ್ಲದ ಬಡವರ ಸಂಘಗಳಿಗೆ ನಮ್ಮ ಸಭಾಂಗಣವನ್ನು ಬಾಡಿಗೆಯಿಲ್ಲದೆ ಕೊಡೋಣ. ಮಹಾಡದಲ್ಲಿ ಒಬ್ಬರು ಕೊಟ್ಟ ನೆಲದ ಮೇಲೆ ಎಷ್ಟು ಜನ ನಿಂತರು ಎಂಬುದು ನಿಮಗೆ ಗೊತ್ತಾಯಿತು. ನಮ್ಮ ಬಳಿ ಸಿಮೆಂಟಿನ ಕಟ್ಟಡವೇ ಇದೆ, ಫ್ಯಾನೂ ಇದೆ.

ಮುಂದಿನ ವಾರ್ಷಿಕ ಸಂಚಿಕೆಯ ವರದಿ ಪುಟದಲ್ಲಿ ಈ ಮೂರರಲ್ಲಿ ಎಷ್ಟು ನಡೆದವು ಎಂಬುದನ್ನು ಅಂಕಿಗಳೊಂದಿಗೆ ಅಚ್ಚು ಮಾಡಬೇಕೆಂದು ಕಾರ್ಯದರ್ಶಿಗಳನ್ನು ವಿನಂತಿಸಿಕೊಳ್ಳುತ್ತೇನೆ. ಓದುಗರಾದ ನೀವು ಆ ಪುಟವನ್ನು ತೆರೆದು ನೋಡಿ, ನಡೆಯದಿದ್ದರೆ ಯಾಕೆಂದು ಕೇಳಿ.