ಸೋಲಿಗೆ ಅಂಜದವರು ಬನ್ನಿ

‘ರಾಜಕೀಯ ನಮ್ಮಂಥವರಿಗಲ್ಲ’ ಎಂದು ಕೈತೊಳೆದುಕೊಳ್ಳುವ ತರುಣ ತರುಣಿಯರೇ, 1926ರ ಮಂಗಳೂರಿನತ್ತ ಒಮ್ಮೆ ನೋಡಿ. ಮದ್ರಾಸ್ ವಿಧಾನ ಪರಿಷತ್ತಿಗೆ ಹೆಣ್ಣೂ ಸ್ಪರ್ಧಿಸಬಹುದು ಎಂಬ ಅನುಮತಿ ಆಗಷ್ಟೇ ಸಿಕ್ಕಿತ್ತು. ಪ್ರಚಾರಕ್ಕೆ ದಿನಗಳಿಲ್ಲ, ಬೆನ್ನಿಗೆ ಪಕ್ಷದ ಬಲವಿಲ್ಲ, ಆಸ್ತಿ ಇದ್ದವರಿಗಷ್ಟೇ ಮತ. ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್ ಕೊಟ್ಟ ಧೈರ್ಯವೊಂದನ್ನೇ ನೆಚ್ಚಿ ಇಪ್ಪತ್ತಮೂರರ ಕಮಲಾದೇವಿ ಚಟ್ಟೋಪಾಧ್ಯಾಯ ಕಣಕ್ಕಿಳಿದರು. ಕೆಲವೇ ಮತಗಳಿಂದ ಸೋತರು.

ಆದರೆ ಮನೆ ಸೇರಲಿಲ್ಲ. ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ವಿಧವೆಯಾಗಿ, ಮತ್ತೆ ಓದಿ, ತಾವು ಮೆಚ್ಚಿದವರನ್ನು ಮರುಮದುವೆಯಾಗಿದ್ದ ಹೆಣ್ಣನ್ನು ಒಂದು ಚುನಾವಣೆ ಹೆದರಿಸೀತೇ? ಮರುವರ್ಷವೇ ಅಖಿಲ ಭಾರತ ಮಹಿಳಾ ಸಮ್ಮೇಳನ ಕಟ್ಟುವ ಕೆಲಸಕ್ಕೆ ಹೆಗಲು ಕೊಟ್ಟರು. 1930ರಲ್ಲಿ ಗಾಂಧೀಜಿಯ ದಂಡಿಯಾತ್ರೆಯ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಕಮಲಾದೇವಿ ಸುಮ್ಮನಾಗಲಿಲ್ಲ, ಉಪ್ಪಿನ ಸತ್ಯಾಗ್ರಹದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಬೇಕೆಂದು ನೇರವಾಗಿ ಗಾಂಧೀಜಿಯನ್ನೇ ಕೇಳಿ ಒಪ್ಪಿಸಿದರು. ಮುಂಬೈಯ ಷೇರುಪೇಟೆಗೇ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು, ಜೈಲಿಗೂ ಹೋದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷತೆ ಅವರದಾಯಿತು.

ಸ್ವಾತಂತ್ರ್ಯ ಬಂದಾಗ ಅನೇಕರು ಕುರ್ಚಿಯತ್ತ ನಡೆದರೆ, ಇವರು ನಿರಾಶ್ರಿತರತ್ತ ನಡೆದರು. ದೇಶವಿಭಜನೆಯಿಂದ ನೆಲೆ ಕಳೆದುಕೊಂಡವರಿಗೆ ಸಹಕಾರ ತತ್ವದ ಮೇಲೆ ಫರೀದಾಬಾದಿನಲ್ಲಿ ಊರು ಕಟ್ಟಲು ದುಡಿದರು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಮುಂದಾಳಾಗಿ ಮೂಲೆಗುಂಪಾಗಿದ್ದ ಕುಶಲಕರ್ಮಿಗಳಿಗೆ ಮಾರುಕಟ್ಟೆ ಒದಗಿಸಿದರು. ಅಧಿಕಾರವಿಲ್ಲದೆಯೂ ರಾಜಕಾರಣ ಮಾಡಬಹುದು, ಜನರ ನಡುವೆ ಇರಬೇಕು ಅಷ್ಟೇ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಈಗ ನಿಮ್ಮ ಸರದಿ. ಹದಿನೆಂಟಕ್ಕೆ ಮತ, ಇಪ್ಪತ್ತೊಂದಕ್ಕೆ ಗ್ರಾಮ ಪಂಚಾಯಿತಿಗೆ ಸ್ಪರ್ಧಿಸುವ ಹಕ್ಕು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೇ ಮೀಸಲು. ಆದರೂ ಎಷ್ಟೋ ಕಡೆ ಸಹಿ ಹೆಂಡತಿಯದು, ಮಾತು ಗಂಡನದು. ತಂಗಿಯರೇ, ಆ ಕುರ್ಚಿಯಲ್ಲಿ ಕುಳಿತ ಮೇಲೆ ಮಾತೂ ನಿಮ್ಮದೇ ಆಗಲಿ. ತಮ್ಮಂದಿರೇ, ಅಕ್ಕ ಚುನಾವಣೆಗೆ ನಿಂತರೆ ಅವಳ ಪರ ಮನೆಮನೆ ತಿರುಗಿ, ಗೆದ್ದ ಮೇಲೆ ಅವಳ ಜಾಗದಲ್ಲಿ ನೀವು ಕೂರಬೇಡಿ.

ಗೆಲ್ಲುವ ಖಾತರಿ ಸಿಗಲಿ ಎಂದು ಕಾದರೆ ವಯಸ್ಸಷ್ಟೇ ಏರುತ್ತದೆ. ಮುಂದಿನ ಗ್ರಾಮಸಭೆ ಯಾವಾಗ ಎಂದು ಇಂದೇ ವಿಚಾರಿಸಿ. ಕುಡಿಯುವ ನೀರಿನ ಲೆಕ್ಕ ಕೇಳಿ, ಶಾಲೆಯ ಶೌಚಾಲಯದ ಲೆಕ್ಕ ಕೇಳಿ. ಉತ್ತರ ಸಿಗದಿದ್ದರೆ ಮುಂದಿನ ಚುನಾವಣೆಗೆ ನೀವೇ ನಾಮಪತ್ರ ಸಲ್ಲಿಸಿ. ಸೋತರೆ ಮರುದಿನವೂ ಊರಲ್ಲಿ ಕೆಲಸ ಇದ್ದೇ ಇರುತ್ತದೆ, ಎದ್ದು ಹೊರಡಿ!