ಪ್ರತಿಕೂಲ ಸ್ವಾಧೀನವೂ ವಿರೋಧಬುದ್ಧಿಯೂ



ಈ ದತ್ತಿಯ ಉಪನ್ಯಾಸವೇದಿಕೆಗೆ ನನ್ನನ್ನು ಬರಮಾಡಿಕೊಂಡ ವಿಶ್ವಸ್ತ ಮಂಡಲಿಯ ಔದಾರ್ಯಕ್ಕೆ ನಾನು ಋಣಿ. ಯಾವ ಮಹನೀಯರ ಸ್ಮರಣಾರ್ಥವಾಗಿ ಈ ದತ್ತಿಯು ಸ್ಥಾಪಿತವಾಗಿದೆಯೋ ಅವರು ತಮ್ಮ ವಕೀಲಿವೃತ್ತಿಯ ಬಹುಭಾಗವನ್ನು ಬದುಬೇಲಿಗಳ ವ್ಯಾಜ್ಯಗಳಲ್ಲಿಯೇ ಸವೆಸಿದವರಾದುದರಿಂದ, ನನ್ನ ವಿಷಯವು ಅವರಿಗೆ ಅಪ್ರಿಯವಾಗುತ್ತಿರಲಿಲ್ಲವೆಂದು ನಂಬುತ್ತೇನೆ.

ಪ್ರತಿಕೂಲ ಸ್ವಾಧೀನವೆಂದರೆ ಬೇರೊಬ್ಬನ ಭೂಮಿಯನ್ನು ಅವನ ಅನುಮತಿಯಿಲ್ಲದೆ ಕಾಲಮಿತಿ ತೀರುವವರೆಗೆ ಬಹಿರಂಗವಾಗಿ ಅನುಭವಿಸಿ ಅದರ ಹಕ್ಕನ್ನು ಪಡೆಯುವುದು. ಇದರ ಮೂಲಾಂಶಗಳು ಪಠ್ಯಪುಸ್ತಕಗಳಲ್ಲಿ ದೊರೆಯತಕ್ಕವು. 1963ರ ಕಾಲಮಿತಿ ಅಧಿನಿಯಮದಂತೆ ಒಡೆಯನು ಸ್ವಾಧೀನಕ್ಕಾಗಿ ದಾವೆ ಹೂಡಲು ಖಾಸಗಿ ಭೂಮಿಗೆ 12 ವರ್ಷ, ಸರ್ಕಾರದ ಭೂಮಿಗೆ 30 ವರ್ಷ. 1908ರ ಅಧಿನಿಯಮದಲ್ಲಿ ಸರ್ಕಾರಕ್ಕೆ 60 ವರ್ಷಗಳಿದ್ದುವು. ಅವಧಿ ತೀರಿದರೆ 1963ರ ಅಧಿನಿಯಮದ 27ನೆಯ ಕಲಮಿನ ಮೇರೆಗೆ ಒಡೆಯನ ಹಕ್ಕೇ ನಶಿಸುತ್ತದೆ. ಸ್ವಾಧೀನದಾರನು ತಾನೇ ವಾದಿಯಾಗಿ ದಾವೆ ಹೂಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ, ರವೀಂದರ್ ಕೌರ್ ಗ್ರೇವಾಲ್ ಪ್ರಕರಣದಲ್ಲಿ, ನಿರ್ಣಯಿಸಿದ್ದರಿಂದ ಆ ಚರ್ಚೆಯೂ ಮುಗಿದಂತಾಯಿತು.

ಮುಗಿಯದಿರುವುದು ಬೇರೊಂದು. ಹೇಮಾಜಿ ವಾಘಾಜಿ ಪ್ರಕರಣದಲ್ಲಿ ಅದೇ ನ್ಯಾಯಾಲಯದ 2008ರ ತೀರ್ಪು ಈ ಕಾನೂನನ್ನು ಅವಿವೇಕದ್ದೆಂದು ಖಂಡಿಸಿ, ಅಪ್ರಾಮಾಣಿಕನಿಗೆ ಇದು ಬಯಸದೆ ಬಂದ ಭಾಗ್ಯವೆಂದು ವಿಷಾದಿಸಿತು. ಅಂದಿನಿಂದ ಇದನ್ನು ರದ್ದುಗೊಳಿಸಬೇಕೆಂಬ ಕೂಗು ವಿದ್ವಜ್ಜನರಲ್ಲಿಯೂ ಕೇಳಿಬರುತ್ತಿದೆ. ಆದರೆ ಕಾಲಮಿತಿ ಅಧಿನಿಯಮದ 65ನೆಯ ಅನುಚ್ಛೇದದಲ್ಲಿ ಅಪ್ರಾಮಾಣಿಕತೆಗೆ ಮನ್ನಣೆಯಿತ್ತವರಾರು? ಪ್ರತಿವಾದಿಯ ಸ್ವಾಧೀನವು ಎಂದು ವಾದಿಗೆ ಪ್ರತಿಕೂಲವಾಯಿತೋ ಅಂದಿನಿಂದ ಕಾಲಗಣನೆಯೆಂದಷ್ಟೇ ಶಾಸನವು ಹೇಳುತ್ತದೆ. ಮನಸ್ಸಿನ ಮಾತೇ ಅಲ್ಲಿಲ್ಲ. ಅದನ್ನು ತಂದು ಸೇರಿಸಿದವು ನ್ಯಾಯಾಲಯಗಳು. ನಮ್ಮ ನಾಡಿನಿಂದಲೇ ಹೋದ ಟಿ. ಅಂಜನಪ್ಪ ಪ್ರಕರಣದಲ್ಲಿ (2006), ನಿಜವಾದ ಒಡೆಯನಾರೆಂದು ಅರಿಯದವನ ಸ್ವಾಧೀನವು ಪ್ರತಿಕೂಲವೇ ಅಲ್ಲವೆಂದು ತೀರ್ಮಾನವಾಯಿತು.

ಇದರ ಫಲವನ್ನು ಹೊಲದಲ್ಲಿ ನೋಡಬೇಕು. ಒಬ್ಬ ರೈತನು ಬದುವನ್ನು ತಪ್ಪಾಗಿ ತಿಳಿದು, ನೆರೆಯವನ ಮೂರು ಗುಂಟೆಯನ್ನು ತನ್ನದೆಂದೇ ಇಪ್ಪತ್ತು ವರ್ಷ ಉತ್ತು ಬಿತ್ತಿದ್ದಾನೆಂದುಕೊಳ್ಳಿ. ಹದ್ದುಬಸ್ತಿಗೆ ಬಂದ ಭೂಮಾಪಕರು ಕಲ್ಲು ನೆಟ್ಟ ದಿನ ಅವನಿಗೆ ಸತ್ಯ ತಿಳಿಯುತ್ತದೆ, ದಾವೆಯೂ ಬರುತ್ತದೆ. ‘ನನ್ನದೆಂದೇ ನಂಬಿದ್ದೆ’ ಎಂದು ಅವನು ಪ್ರತಿವಾದಪತ್ರದಲ್ಲಿ ಬರೆಸಿದರೆ ಸೋಲು ಖಂಡಿತ. ‘ಅವನದೆಂದು ಬಲ್ಲೆ, ಬಲ್ಲವನಾಗಿಯೇ ಆಕ್ರಮಿಸಿದೆ’ ಎಂದು ಪ್ರಮಾಣ ಮಾಡಿದರೆ ಗೆಲುವಿನ ಆಸೆಯುಂಟು. ವಕೀಲನು ಮೊದಲ ವಾಕ್ಯವನ್ನು ಹೊಡೆದುಹಾಕಿ ಎರಡನೆಯದನ್ನು ಬರೆಯುತ್ತಾನೆ. ಸಾಧುವಾದವನು ತನ್ನಲ್ಲಿ ಎಂದೂ ಇಲ್ಲದಿದ್ದ ಕಳ್ಳಬುದ್ಧಿಗೆ ಸಹಿ ಹಾಕುತ್ತಾನೆ. ತಾವೇ ಕಟ್ಟಿದ ಈ ಬಾಗಿಲಿನಿಂದ ಕಳ್ಳನೇ ಒಳಬರುತ್ತಾನೆಂದು ನ್ಯಾಯಪೀಠಗಳು ಶೋಕಿಸುವುದು ನನಗೆ ವಿಚಿತ್ರವಾಗಿ ತೋರುತ್ತದೆ.

ರದ್ದುವಾದಿಗಳ ಇನ್ನೊಂದು ಆಧಾರವು ಪಿ. ಟಿ. ಮುನಿಚಿಕ್ಕಣ್ಣ ರೆಡ್ಡಿ ಪ್ರಕರಣ. 2007ರ ಏಪ್ರಿಲ್ ತಿಂಗಳ ಆ ತೀರ್ಪು, ಇಂಗ್ಲೆಂಡಿನ ಪೈ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2005ರಲ್ಲಿ ಒಡೆಯನ ಪರವಾಗಿ ನೀಡಿದ್ದ ನಿರ್ಣಯವನ್ನು ಆದರದಿಂದ ಉದಾಹರಿಸಿತು. ಅದೇ ವರ್ಷದ ಆಗಸ್ಟ್ 30ರಂದು ಆ ನ್ಯಾಯಾಲಯದ ಮಹಾಪೀಠವೇ 10–7ರ ಬಹುಮತದಿಂದ ಹಿಂದಿನ ನಿರ್ಣಯವನ್ನು ತಿರುಗಿಸಿತೆಂಬುದನ್ನು ರದ್ದುವಾದಿಗಳು ಅಷ್ಟೇ ಉತ್ಸಾಹದಿಂದ ಹೇಳುವುದನ್ನು ನಾನು ಕೇಳಿಲ್ಲ.

ದುರ್ಬಲ ಒಡೆಯನಿಗೆ ರಕ್ಷಣೆ ಬೇಡವೆ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಅದಕ್ಕೆ ವಿಶೇಷ ಶಾಸನಗಳುಂಟು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಕೊಂಡವರ ಪ್ರತಿಕೂಲ ಸ್ವಾಧೀನದ ವಾದವನ್ನು ಅಂಥ ಜಮೀನಿನ ಪರಭಾರೆಯನ್ನು ನಿಷೇಧಿಸುವ ಕರ್ನಾಟಕದ 1978ರ ಕಾಯಿದೆಯ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಚಂದೇವರಪ್ಪ ಪ್ರಕರಣದಲ್ಲಿ (1995) ತಳ್ಳಿಹಾಕಲಿಲ್ಲವೆ?

ಕಾನೂನು ಆಯೋಗವು 2023ರ ತನ್ನ 280ನೆಯ ವರದಿಯಲ್ಲಿ ಅವಧಿಗಳನ್ನು ಬದಲಿಸಲು ಕಾರಣವಿಲ್ಲವೆಂದಿತು. ಪದನಿಮಿತ್ತ ಸದಸ್ಯರಿಬ್ಬರು ಭಿನ್ನಮತ ದಾಖಲಿಸಿದರು. ಬಹುಮತದ ಪಕ್ಷವೇ ನನ್ನದೂ ಹೌದು; ಆದರೆ ಯಥಾಸ್ಥಿತಿಯೊಡನೆ ಮೇಲ್ಕಂಡ ವೈಪರೀತ್ಯವೂ ಉಳಿಯುತ್ತದೆ. ಅದು ತೊಲಗಲು ಶಾಸನದ ತಿದ್ದುಪಡಿಯೇ ಬೇಕಿಲ್ಲ. ಸ್ವಾಧೀನವು ನಿರಂತರವಾಗಿ, ಬಹಿರಂಗವಾಗಿ, ಸಾಕಷ್ಟು ವಿಸ್ತಾರವಾಗಿ ಇರಬೇಕೆಂದು ಪ್ರಿವಿ ಕೌನ್ಸಿಲ್ 1900ರಲ್ಲಿ ರಾಧಾಮಣಿ ದೇವಿ ಪ್ರಕರಣದಲ್ಲಿ ಹೇಳಿದ್ದೇ ಸಾಕು. ಗೇಣಿದಾರನನ್ನೂ ಬಂಧುವನ್ನೂ ಹೊರಗಿಡಲು ಒಡೆಯನ ಅನುಮತಿಯಿತ್ತೆ ಎಂಬ ಪ್ರಶ್ನೆಯುಂಟು. ಹಗೆತನವಿತ್ತೆ ಎಂಬುದನ್ನು ಕೇಳಬೇಕಾದ ಅಗತ್ಯವಿಲ್ಲ. ಅಂಜನಪ್ಪ ಪ್ರಕರಣದ ಮಾತನ್ನು ವಿಸ್ತೃತ ಪೀಠವೊಂದು ಪುನಃ ಪರಿಶೀಲಿಸುವ ಸಂದರ್ಭ ಬಂದಾಗ, ನಮ್ಮ ವಕೀಲರು ಈ ಒಂದು ಪ್ರಶ್ನೆಯನ್ನಾದರೂ ಅದರ ಮುಂದಿಡಬೇಕೆಂಬುದು ನನ್ನ ಪ್ರಾರ್ಥನೆ.